ಒದ್ದೆ ಹತ್ತಿಯ ಪರೀಕ್ಷೆ

ಅವಳಿಗೆ ಒರೆಗಲ್ಲು ಎಂದು ಹೆಸರಿಟ್ಟವಳು ಬೀದಿಯ ಮೂಲೆಯಲ್ಲಿ ಕೂದಲ ಕ್ಲಿಪ್ಪು, ಮಣಿಸರ, ಹುಟ್ಟುಹಬ್ಬದ ಕಾರ್ಡು ಮಾರುವ ಅಂಗಡಿಯವಳು. ಹೆಸರು ಕೇಳಿದವರು ಚಿನ್ನದ ಕೆಲಸದವಳು ಅಂದುಕೊಳ್ಳುತ್ತಿದ್ದರು. ಚಿನ್ನಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಅವಳದು ಕಾಗದದ ಒಡವೆ. ಹಿತ್ತಾಳೆಯ ಪುಟ್ಟ ತಟ್ಟೆಯಂಥ ಚೌಕಟ್ಟಿನಲ್ಲಿ ಹಳೆಯ ಅಂಚೆಚೀಟಿಯನ್ನೋ, ಹೂವಿನ ಚಿತ್ರವನ್ನೋ, ಯಾರದೋ ಮಗುವಿನ ಫೋಟೊವನ್ನೋ ಕೂರಿಸಿ, ಮೇಲೆ ಗ್ಲೇಜ್ ಬಿಟ್ಟು, ಪದಕ, ಓಲೆ, ಉಂಗುರ ಮಾಡುವುದು. ಅವಳ ಮೇಜಿಗೆ ಯಾವ ಕಾಗದ ಬಂದರೂ ಮೊದಲು ಅದು ಕಳ್ಳ. ಸಾಚಾ ಎಂದು ಆಮೇಲೆ ರುಜುವಾತಾಗಬೇಕು.

ಗ್ಲೇಜ್ ಎಂದರೆ ಚೂಪು ಮೂತಿಯ ಬಾಟಲಿಯಲ್ಲಿ ಬರುವ, ನೀರು ಬೆರೆಸಿದ ಹಾಲಿನಂತೆ ಕಾಣುವ ಮಂದ ದ್ರವ. ಚಿತ್ರದ ಅಂಚಿನಿಂದ ನಡುವಿಗೆ ಸುತ್ತಿಸುತ್ತ ಬಿಟ್ಟರೆ ಹರಿದುಹೋಗದೆ ಉಬ್ಬಿ ನಿಲ್ಲುತ್ತದೆ. ಮಾರನೆಯ ದಿನಕ್ಕೆ ಬಿಳುಪೆಲ್ಲ ಇಳಿದು ಗಾಜಿನಂತೆ ತಿಳಿಯಾಗಿ, ಕೆಳಗಿನ ಚಿತ್ರವನ್ನು ಕೊಂಚ ದೊಡ್ಡದು ಮಾಡಿ ತೋರಿಸುತ್ತದೆ. ನೋಡಲು ಸುಲಭ, ಮಾಡಲು ತಲೆನೋವು. ಬಾಟಲಿ ಅಲ್ಲಾಡಿಸಿದರೆ ಗುಳ್ಳೆ ಏಳುತ್ತದೆ. ಅವಸರಪಟ್ಟು ಮುಟ್ಟಿದರೆ ಬೆರಳ ಗುರುತು ಉಳಿಯುತ್ತದೆ. ಮೇಜು ಕೂದಲೆಳೆಯಷ್ಟು ಓರೆಯಾದರೂ ಉಬ್ಬು ಒಂದು ಮಗ್ಗುಲಿಗೆ ಜಾರುತ್ತದೆ. ಇಷ್ಟೆಲ್ಲ ದಾಟಿ ಗಟ್ಟಿಯಾದ ಮೇಲೂ ಅದಕ್ಕೆ ನೀರೆಂದರೆ ಆಗದು. ಬಹಳ ಹೊತ್ತು ನೆನೆಸಿಟ್ಟರೆ ಮತ್ತೆ ಹಾಲಾಗಿ, ಮೆತ್ತಗಾಗಿ, ಸಿಪ್ಪೆಯಂತೆ ಎದ್ದುಬರುತ್ತದೆ.

ಒರೆಗಲ್ಲು ಮೊದಲಿನಿಂದ ಇಷ್ಟು ಅನುಮಾನದವಳಲ್ಲ ಎಂದು ಅವಳ ಗಂಡ ಹೇಳುತ್ತಾನೆ. ಮೊದಲಿನಿಂದಲೂ ಹೀಗೇ ಎಂದು ಅವಳ ತಾಯಿ ಹೇಳುತ್ತಿದ್ದಳು. ಹುಟ್ಟುವಾಗಲೇ ಹುಬ್ಬು ಗಂಟುಹಾಕಿಕೊಂಡು ಬಂದ ಮಗು ಅದು ಅಂತ. ಏನೇ ಇರಲಿ, ಕೆಲಸದಲ್ಲಿ ಅನುಮಾನ ಹತ್ತಿದ್ದು ಒಬ್ಬ ಮುದುಕಪ್ಪನಿಂದ. ಅವನು ತೀರಿಹೋದ ಮೊಮ್ಮಗಳ ಚಿತ್ರವನ್ನು ಪಕ್ಕದ ಮನೆಯವರ ಪ್ರಿಂಟರಿನಲ್ಲಿ ತೆಗೆಸಿಕೊಂಡು ತಂದಿದ್ದ. ಒರೆಗಲ್ಲು ಕಾಗದವನ್ನು ನಂಬಿದಳು, ಗ್ಲೇಜ್ ಬಿಟ್ಟಳು. ಬೆಳಗ್ಗೆ ನೋಡಿದರೆ ಮಗುವಿನ ಮೂಗು ಕೆನ್ನೆಗಿಳಿದು, ಕೆನ್ನೆ ಕಿವಿಗಿಳಿದು, ಮುಖವೆಲ್ಲ ನೇರಳೆ ಬಣ್ಣದ ಗೆಡ್ಡೆಯಾಗಿತ್ತು. ಮುದುಕಪ್ಪ ಬೈಯಲಿಲ್ಲ. "ಪರವಾಗಿಲ್ಲಮ್ಮ, ನೀನೇನು ಬೇಕಂತ ಮಾಡಿದ್ಯಾ" ಎಂದು ಅದನ್ನೇ ಜೇಬಿಗೆ ಹಾಕಿಕೊಂಡು ಹೋದ. ಬೈದಿದ್ದರೆ ಅವಳು ಅಂದೇ ಮರೆಯುತ್ತಿದ್ದಳೇನೋ.

ಅಂದಿನಿಂದ ಶುರುವಾದದ್ದು ಒದ್ದೆ ಹತ್ತಿಯ ಪರೀಕ್ಷೆ. ಕಾಗದ ಕೈಗೆ ಬಂದ ಕೂಡಲೇ ಹತ್ತಿಯ ಉಂಡೆಯನ್ನು ನೀರಿಗದ್ದಿ, ಹಿಂಡಿ, ಚಿತ್ರದ ಒಂದು ಮೂಲೆಗೆ ಒತ್ತುವುದು. ಹತ್ತಿಗೆ ಬಣ್ಣ ಹತ್ತಿತೋ, ಅದು ಪ್ರಿಂಟರ್ ಇಂಕಿನ ಕಾಪಿ, ವಾಪಸ್ಸು. ಹತ್ತಿ ಬೆಳ್ಳಗಿತ್ತೋ, ಆಗಲೂ ಪೂರ್ತಿ ನಂಬದೆ ಹಿಂದೆಮುಂದೆ ಸ್ಪ್ರೇ ವಾರ್ನಿಷ್ ಹೊಡೆದು, ಒಣಗಿಸಿ, ಆಮೇಲೆ ಗ್ಲೇಜ್. ಇದರಿಂದ ಅವಳ ಕೆಲಸಕ್ಕೆ ಒಳ್ಳೆಯ ಹೆಸರು ಬಂತು. ಅವಳ ಕೈಲಿ ಏನೂ ಕೆಡುವುದಿಲ್ಲ ಎಂದು ಮೂಲೆಯಂಗಡಿಯವಳು ಗಿರಾಕಿಗಳಿಗೆ ಆಣೆ ಮಾಡುತ್ತಿದ್ದಳು.

ತೊಂದರೆಯೆಂದರೆ ಪರೀಕ್ಷೆ ಮೇಜಿನ ಮೇಲೇ ಉಳಿಯಲಿಲ್ಲ. ತರಕಾರಿಯವನು ಇವತ್ತೇ ಕಿತ್ತದ್ದು ಎಂದರೆ ಅವಳು ಕಾಂಡ ಮುರಿದು ಮೂಸುವಳು. ಎದುರುಮನೆಯವಳು ನಗುತ್ತ ಮಾತಾಡಿಸಿದರೆ, ಇವಳಿಗೆ ಈಗ ನನ್ನಿಂದ ಏನು ಬೇಕು ಎಂದು ಯೋಚಿಸುವಳು. ಗಂಡ ಸೈಕಲ್ ರಿಪೇರಿಯವನು, ಮಾತಿಗಿಂತ ಟ್ಯೂಬಿನ ತೂತೇ ಲೇಸು ಎನ್ನುವ ಜಾತಿಯ ಮನುಷ್ಯ. ಒಮ್ಮೆ ಅವನೇ ಕೇಳಿದ:

"ನನ್ನನ್ನ ಯಾವಾಗ ಒದ್ದೆ ಹತ್ತಿ ಇಟ್ಟು ನೋಡ್ದೆ?"

"ಮದುವೆಗೆ ಮುಂಚೇನೇ. ಸ್ವಲ್ಪ ಬಣ್ಣ ಬಿಟ್ರಿ. ಹೋಗ್ಲಿ ಪಾಪ ಅಂತ ಇಟ್ಕೊಂಡೆ."

ಅವಳಿಗೆ ಒಬ್ಬಳೇ ತಂಗಿ, ಅವಳಿಗಿಂತ ಬಹಳ ಚಿಕ್ಕವಳು. ಅಕ್ಕ ಮದುವೆಯಾಗಿ ಹೊರಟಾಗ ಇನ್ನೂ ಶಾಲೆಯ ಚೀಲ ಹೊರುತ್ತಿದ್ದವಳು. ಈಗ ಊರಿನ ಇನ್ನೊಂದು ತುದಿಯಲ್ಲಿ ಬೇಕರಿಯೊಂದರ ಕೌಂಟರಿನಲ್ಲಿ ನಿಲ್ಲುತ್ತಾಳೆ. ತಾಯಿ ಕೊನೆಯವರೆಗೂ ಇದ್ದದ್ದು ಅವಳ ಮನೆಯಲ್ಲೇ. ಎತ್ತಿ ಕೂರಿಸಿದ್ದು, ತಲೆ ಬಾಚಿದ್ದು, ಬಾಯಿಗಿಟ್ಟದ್ದು ಎಲ್ಲ ತಂಗಿ. ಅಕ್ಕ ರಜೆಯ ದಿನ ಹಣ್ಣು ಹಿಡಿದುಕೊಂಡು ಬಂದು, ಹಾಸಿಗೆಯ ಪಕ್ಕ ಕೂತು, ಕತ್ತಲಾಗುವುದರೊಳಗೆ ಹಿಂದಿರುಗುತ್ತಿದ್ದಳು. ಅದು ಅವಳೊಳಗೆ ಮುಳ್ಳಿನಂತೆ ಕೂತಿತ್ತು. ತಾಯಿ ಹೋಗಿ ವರ್ಷ ತುಂಬುತ್ತ ಬಂದರೂ ಕೀಳಲು ಆಗಿರಲಿಲ್ಲ.

ತಾಯಿಯದು ಇದ್ದದ್ದು ಒಂದೇ ಫೋಟೊ. ಕ್ಯಾಮೆರಾ ಕಂಡರೆ ಮುಖ ತಿರುಗಿಸುವ ಹೆಂಗಸು ಅದೊಂದು ಸಲ ಹೇಗೋ ಸಿಕ್ಕಿಬಿದ್ದಿದ್ದಳು. ತಂಗಿಯ ಮನೆಯ ಕನ್ನಡಿಯ ಪಕ್ಕದಲ್ಲಿ ಅದು ಮೊದಲಿನಿಂದಲೂ ಇತ್ತು. ಕೆನ್ನೆಯ ಮೇಲೆ ತೆಳುವಾದ ಗುಲಾಬಿ, ಕೊರಳ ಬಳಿಯ ಬಟ್ಟೆಯಲ್ಲಿ ತಿಳಿಹಸಿರು. ಒರೆಗಲ್ಲು ಹೋದಾಗಲೆಲ್ಲ ದೂರದಿಂದಲೇ ನೋಡುತ್ತಿದ್ದಳು. ಕೇಳಬೇಕೆಂದು ಆಸೆ, ಯಾವ ಮುಖ ಇಟ್ಟುಕೊಂಡು ಕೇಳುವುದು ಎಂದು ಸಂಕೋಚ.

ವಾರದ ರಜೆಯ ಒಂದು ದಿನ ತಂಗಿ ತಾನಾಗಿಯೇ ಬಂದಳು. ಬೇಕರಿಯ ಕಾಗದದ ಚೀಲದೊಳಗಿಂದ ಎರಡು ಮೊಟ್ಟೆಯಾಕಾರದ ತುಂಡು ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು. ಎರಡರಲ್ಲೂ ಅಮ್ಮ.

"ಫೋಟೊ ಅಂಗಡೀಲಿ ಒಂದು ಕಾಪಿ ತೆಗೆಸ್ದೆ ಅಕ್ಕ. ಎರಡರಲ್ಲೂ ಮುಖ, ಕೊರಳು ಮಾತ್ರ ಕತ್ತರಿಸಿಕೊಡಿ ಅಂದೆ. ಸುರುಳಿ ಸುತ್ಕೊಳ್ಳಬಾರದು ಅಂತ ಅವನೇ ಎರಡನ್ನೂ ರಟ್ಟಿಗೆ ಅಂಟಿಸಿಕೊಟ್ಟ. ಎರಡು ಪದಕ ಮಾಡು. ನಿಂಗೊಂದು, ನಂಗೊಂದು."

ಒರೆಗಲ್ಲು ಕೈಚಾಚಿದಳು. ತಂಗಿ ಕೂಡಲೇ ಕೊಡಲಿಲ್ಲ. ಕಿಟಕಿಯ ಬೆಳಕಿಗೆ ತಿರುಗಿ ಎರಡನ್ನೂ ನೋಡಿದಳು, ಒಂದನ್ನು ಆರಿಸಿದಳು, ಕೊಟ್ಟಳು. "ಇದು ನಿಂದು."

ಅಸಲಿ ಯಾವುದು ಎಂಬ ಪ್ರಶ್ನೆ ಒರೆಗಲ್ಲಿನ ನಾಲಿಗೆಯ ತುದಿಗೆ ಬಂತು. ತಾಯಿಯನ್ನು ನೋಡಿಕೊಂಡವಳ ಮುಂದೆ ಆ ಪ್ರಶ್ನೆ ಕೇಳುವುದು ಹೇಗೆ ಎಂದು ನುಂಗಿಕೊಂಡಳು. ತಂಗಿ ಎದುರಿಗೇ ಕೂತಿದ್ದಳು. ಅವಳ ಕಣ್ಣೆದುರು ಅಮ್ಮನ ಮುಖಕ್ಕೆ ಒದ್ದೆ ಹತ್ತಿ ಒತ್ತಲು ಕೈ ಬರಲಿಲ್ಲ. ಹಾಗಾಗಿ ಮುದುಕಪ್ಪನ ನಂತರ ಅವಳು ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಂಡ ಕಾಗದವೆಂದರೆ ಅವೆರಡೇ. ವಾರ್ನಿಷ್ ಹೊಡೆದಳು, ಒಣಗಿಸಿದಳು, ಚೌಕಟ್ಟಿಗೆ ಕೂರಿಸಿದಳು, ಉಸಿರು ಬಿಗಿಹಿಡಿದು ಗ್ಲೇಜ್ ಬಿಟ್ಟಳು. ಹಾಲಿನಂಥ ದ್ರವದಡಿ ಅಮ್ಮ ಎರಡೂ ಕಡೆ ಮಸುಕಾದಳು. ಧೂಳು ಬೀಳದಂತೆ ಮೇಲೆ ರಟ್ಟಿನ ಪೆಟ್ಟಿಗೆ ಮುಚ್ಚಿದ್ದಾಯಿತು.

ಮಾರನೆಯ ದಿನ ತಂಗಿ ಬಂದು ತನ್ನದನ್ನು ಕೊರಳಿಗೆ ಹಾಕಿಕೊಂಡಳು. ಬಾಗಿಲು ದಾಟುವ ಮುಂಚೆ ನಿಂತು ಒಂದು ಮಾತು ಹೇಳಿದಳು.

"ಅಕ್ಕ, ನಿಂದಕ್ಕೆ ನೀರು ಮಾತ್ರ ತಾಗಿಸಬೇಡ. ಸ್ನಾನಕ್ಕೆ ಹೋಗುವಾಗ ತೆಗೆದಿಡು."

"ನಂಗೇ ಹೇಳಿಕೊಡ್ತೀಯಾ?"

"ಸುಮ್ನೆ ಹೇಳ್ದೆ" ಎಂದು ತಂಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಅಲ್ಲಿಗೆ ಒರೆಗಲ್ಲಿನ ತಲೆಗೆ ಹುಳ ಹೊಕ್ಕಿತು. ನಿಂದಕ್ಕೆ ನೀರು ತಾಗಿಸಬೇಡ ಅಂದಳು. ನಮ್ಮದಕ್ಕೆ ಅನ್ನಲಿಲ್ಲ. ಯಾಕೆ? ನೀರು ತಾಗಿದರೆ ಬಣ್ಣ ಬಿಡುವುದು ಪ್ರಿಂಟರ್ ಇಂಕು. ಹಾಗಾದರೆ ನನ್ನದು ಕಾಪಿ ಅಂತ ಅವಳಿಗೆ ಗೊತ್ತಿದೆ. ಗೊತ್ತಿದ್ದೇ ಆರಿಸಿಕೊಟ್ಟಳು.

ಹುಳ ಒಮ್ಮೆ ಹೊಕ್ಕ ಮೇಲೆ ಅದಕ್ಕೆ ಮೇವಿಗೇನು ಬರ? ಮುಂದಿನ ಸಲ ತಂಗಿ ಎದುರಾದಾಗ ಇವಳ ಕಣ್ಣು ಅವಳ ಮುಖಕ್ಕಿಂತ ಮೊದಲು ಪದಕಕ್ಕೆ ಹೋಯಿತು. ಅದರಲ್ಲಿ ಅಮ್ಮ ಲಕಲಕ ಹೊಳೆಯುತ್ತಿದ್ದಳು. ತನ್ನದರಲ್ಲಿ ಕೊಂಚ ಮಂಕು. ಕಾಪಿ ಯಾವಾಗಲೂ ಮಂಕೇ ಎಂದು ಅವಳ ಇಷ್ಟು ವರ್ಷದ ಅನುಭವ ಹೇಳಿತು. ಫೋನಿನಲ್ಲಿ ಏನೋ ಮಾತಿನ ನಡುವೆ, ಆ ಫೋಟೊದ ಉಳಿದ ಭಾಗ ಎಲ್ಲಿದೆ ಎಂದು ಗೊತ್ತಾಗದ ಹಾಗೆ ತೂರಿಸಿದಳು. "ಎಲ್ಲೋ ಇದೆ ಬಿಡಕ್ಕ" ಎಂದು ತಂಗಿ ಬೇಕರಿಯ ಹೊಸ ಮೇಲ್ವಿಚಾರಕನ ಸುದ್ದಿಗೆ ಹಾರಿದಳು. ಎಲ್ಲೋ ಇದೆಯಂತೆ, ಬಿಡಬೇಕಂತೆ. ಒರೆಗಲ್ಲು ಆ ಮೇಲ್ವಿಚಾರಕನ ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ.

ಗಂಡ ಚಕ್ರಕ್ಕೆ ಗಾಳಿ ಹೊಡೆಯುತ್ತಲೇ ಎಲ್ಲ ಕೇಳಿದ.

"ಬಾಯಿಬಿಟ್ಟು ಕೇಳಿಬಿಡು."

"ಕೇಳಿದ್ರೆ ನಿಂದೇ ಅಸಲಿ ಅಂತಾಳೆ."

"ಹಾಗಂದ್ರೆ ನಂಬು."

"ಹಾಗಂದ ಮಾತ್ರಕ್ಕೆ ಹೇಗೆ ನಂಬೋದು?"

ಅವನು ಪಂಪು ಕೆಳಗಿಟ್ಟು ಅವಳ ಮುಖ ನೋಡಿದ. "ಒಂದು ಚೂರು ಕಾಗದ ಕಣೆ ಅದು."

ಅದು ಬರೀ ಕಾಗದವಲ್ಲ ಎಂದು ಅವಳಿಗೆ ಗೊತ್ತಿತ್ತು. ತಂಗಿ ಅಸಲಿ ಇಟ್ಟುಕೊಂಡು ಕಾಪಿ ಕೊಟ್ಟಿದ್ದರೆ ಅದರ ಅರ್ಥ ಒಂದೇ: ಅಮ್ಮ ನನ್ನವಳು, ನೀನು ಹಣ್ಣು ತಂದುಕೊಟ್ಟು ಹೋಗುತ್ತಿದ್ದ ನೆಂಟರವಳು. ಬಾಯಿಬಿಟ್ಟು ಹಾಗೆ ಅಂದಿದ್ದರೆ ಸಹಿಸಬಹುದಿತ್ತು. ಆಡದೆ ಮಾಡಿದ್ದರೆ ಮಾತ್ರ ಆ ಮನೆಯ ಮೆಟ್ಟಿಲು ಇನ್ನು ತುಳಿಯುವುದಿಲ್ಲ ಎಂದು ನಿಶ್ಚಯಿಸಿಕೊಂಡಳು. ಅಂದರೆ ತಂಗಿಯನ್ನೇ ಕಳೆದುಕೊಳ್ಳುವುದು. ಆದರೂ ಮೋಸಹೋಗುವುದಕ್ಕಿಂತ ಅದೇ ವಾಸಿ ಅನ್ನಿಸಿತು. ಅವಳ ಸ್ವಭಾವವೇ ಹಾಗೆ.

ಗಂಡ ಅಂಗಡಿಯಲ್ಲಿದ್ದ ಒಂದು ಮಧ್ಯಾಹ್ನ ಕೊರಳಿನಿಂದ ಪದಕ ತೆಗೆದು ಬೆಚ್ಚನೆಯ ನೀರಿನ ಬಟ್ಟಲಿಗೆ ಹಾಕಿದಳು. ಗಾಜಿನಂತಿದ್ದ ಗ್ಲೇಜ್ ನಿಧಾನವಾಗಿ ಹಾಲಾಯಿತು. ಹೆಬ್ಬೆರಳಿನಿಂದ ಒತ್ತಿ ನೋಡಿ, ಮತ್ತೆ ಬಿಟ್ಟು, ಮತ್ತೆ ಒತ್ತಿ, ಕೊನೆಗೆ ಅಂಚು ಹಿಡಿದು ಎಳೆದಾಗ ಪದರ ಇಡಿಯಾಗಿ ಎದ್ದುಬಂತು. ಒರೆಸಿ, ಒಣಗಿಸಿ, ಉಗುರುಬಣ್ಣ ತೆಗೆಯುವ ದ್ರವದಿಂದ ವಾರ್ನಿಷ್ ಇಳಿಸಿದಳು. ಮಾಡಿದ ಕೆಲಸವನ್ನು ಬಿಚ್ಚುವುದರಲ್ಲೂ ಅವಳ ಕೈ ಅಷ್ಟೇ ಚೊಕ್ಕ. ಆಮೇಲೆ ಹತ್ತಿಯ ಉಂಡೆ ಅದ್ದಿ, ಹಿಂಡಿ, ಅಮ್ಮನ ಕೊರಳ ಬಳಿಯ ಬಟ್ಟೆಗೆ ಒತ್ತಿದಳು.

ಹತ್ತಿಗೆ ಹಸಿರು ಬಂತು.

ಎದೆ ಧಸಕ್ಕೆಂದಿತು, ಅದರ ಬೆನ್ನಿಗೇ ಗೆದ್ದೆ ಎನಿಸಿತು. ಎರಡೂ ಸೇರಿ ಸಿಟ್ಟಾಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಒಂದು ಮೂಲೆ ಸಾಕು ಎಂದು ಊರಿಗೆಲ್ಲ ಹೇಳುತ್ತಿದ್ದವಳು ತಾನೇ. ಆದರೆ ಸಿಟ್ಟಿನಲ್ಲಿ ಹತ್ತಿ ತಿರುಗಿಸಿ ಮುಖದ ಮೇಲೆ ಈ ಕಡೆಯಿಂದ ಆ ಕಡೆಗೆ ಎಳೆದಳು. ಗುಲಾಬಿ ಹತ್ತಿಗೆ ಹತ್ತಿತು. ಇನ್ನೊಮ್ಮೆ ಎಳೆದಳು. ಕೆನ್ನೆಯ ಬಣ್ಣ ಪೂರ್ತಿ ಹೋಗಿ, ಕೆಳಗೆ ಬೂದುಬಣ್ಣದ ಅಮ್ಮ ಉಳಿದಳು. ಬೂದು ಮಾತ್ರ ಎಷ್ಟು ಒರೆಸಿದರೂ ಕದಲಲಿಲ್ಲ. ಪ್ರಿಂಟರ್ ಇಂಕು ಹಾಗೆ ಮಾಡುವುದಿಲ್ಲ, ಬಿಟ್ಟರೆ ಎಲ್ಲ ಬಿಡುತ್ತದೆ. ಇದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ತನ್ನ ಮೇಲೇ ಬರಬೇಕಾಗಿದ್ದ ಆ ಒಂದು ಅನುಮಾನವನ್ನು ಅವಳು ಹತ್ತಿರ ಸೇರಿಸಲಿಲ್ಲ.

ಹತ್ತಿಯ ಉಂಡೆಯನ್ನು ಒಂದು ತಗಡಿನ ಡಬ್ಬಿಗೆ ಹಾಕಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡಿದಳು.

ತಂಗಿ ಆಗಷ್ಟೇ ಕೆಲಸದಿಂದ ಬಂದಿದ್ದಳು. ಕಾಲಿನ ಚಪ್ಪಲಿ ಇನ್ನೂ ಬಿಚ್ಚಿರಲಿಲ್ಲ, ತೋಳಿಗೆ ಹಿಟ್ಟು ಮೆತ್ತಿತ್ತು. "ಹೇಳದೇ ಕೇಳದೇ ಬಂದೆಯಲ್ಲ, ಬಾ ಬಾ, ಟೀ ಇಡ್ತೀನಿ" ಎಂದಳು. ಒರೆಗಲ್ಲು ಕೂರಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು.

"ಇದೇನಕ್ಕ?"

"ನೀನೇ ಹೇಳು."

ತಂಗಿ ಬಗ್ಗಿ ನೋಡಿದಳು. ಒಂದು ಮಗ್ಗುಲು ತಿಳಿಹಸಿರು, ಒಂದು ಮಗ್ಗುಲು ಗುಲಾಬಿ.

"ಬಣ್ಣ ಬಿಡ್ತು. ಪ್ರಿಂಟರ್ ಇಂಕು" ಎಂದಳು ಒರೆಗಲ್ಲು. ಬಸ್ಸಿನಲ್ಲಿ ತಿದ್ದಿದ ಮಾತು ಒಂದೂ ನೆನಪಾಗದೆ ಬೇರೆಯೇ ಹೊರಬಂತು. "ಅಸಲಿ ನೀನಿಟ್ಕೊಂಡೆ, ನಂಗೆ ಕಾಪಿ ಕೊಟ್ಟೆ. ಇಟ್ಕೊಳ್ಳೋದಾದ್ರೆ ಇಟ್ಕೋ, ನೋಡ್ಕೊಂಡವಳು ನೀನು, ಬೇಡ ಅನ್ನಲ್ಲ. ಹೇಳಿ ಇಟ್ಕೋಬೇಕಿತ್ತು ಅಷ್ಟೇ."

ತಂಗಿ ಕುರ್ಚಿ ಎಳೆದು ಕೂತಳು. ಎರಡು ಬೆರಳಿನಲ್ಲಿ ಹತ್ತಿಯ ಉಂಡೆ ಎತ್ತಿಕೊಂಡು ಸುತ್ತ ತಿರುಗಿಸಿ ನೋಡಿದಳು. ಆಮೇಲೆ ಕೇಳಿದಳು:

"ಪೂರ್ತಿ ಹೋಯ್ತಾ?"

"ಏನು?"

"ಕೆನ್ನೆ."

ಒರೆಗಲ್ಲಿಗೆ ಅರ್ಥವಾಗಲಿಲ್ಲ. ಆದರೆ ತಂಗಿಯ ದನಿಯಲ್ಲಿ ಸಿಕ್ಕಿಬಿದ್ದವಳ ಹೆದರಿಕೆ ಇರಲಿಲ್ಲ.

ತಂಗಿ ಎದ್ದು ಕಪಾಟಿನಿಂದ ಎರಡು ಹಾಳೆ ತಂದಳು. ಎರಡರ ನಡುವೆಯೂ ಮೊಟ್ಟೆಯಾಕಾರದ ತೂತು. ಒಂದು ಹೊಸದು, ನುಣ್ಣಗೆ ಹೊಳೆಯುತ್ತಿತ್ತು. ಇನ್ನೊಂದು ದಪ್ಪ, ಅಂಚು ಹಳದಿಗಟ್ಟಿದ್ದು. ಹೊಸದನ್ನು ಅಕ್ಕನ ಮುಂದೆ ಸರಿಸಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟಳು.

"ಇದು ಕಾಪಿ. ನಾನು ಹೇಳಿದ್ರೆ ನಂಬಲ್ಲ ನೀನು. ನಿನ್ನ ಹತ್ತೀನೇ ಕೇಳು."

ಒರೆಗಲ್ಲಿನ ಚೀಲದಲ್ಲಿ ಆಗಲೂ ಹತ್ತಿಯಿತ್ತು. ಅದ್ದಿದಳು, ಹಿಂಡಿದಳು, ಕಾಪಿಯ ಹಸಿರಿಗೆ ಒತ್ತಿದಳು. ಬಲವಾಗಿ ಉಜ್ಜಿದಳು. ಹತ್ತಿ ಬೆಳ್ಳಗೇ ಇತ್ತು.

"ಫೋಟೊ ಅಂಗಡಿಯವನು ಇಂಕಲ್ಲಿ ತೆಗೆಯಲ್ಲ ಅಕ್ಕ, ಕೆಮಿಕಲ್ಲಲ್ಲಿ ತೊಳೆದು ತೆಗೀತಾನೆ. ನೀರಿಗೆ ಏನೂ ಆಗಲ್ಲ."

ಹಳೆಯ ಹಾಳೆಯನ್ನು ಪರೀಕ್ಷಿಸುವ ಅಗತ್ಯವೇ ಬೀಳಲಿಲ್ಲ. ತೂತಿನ ಕೆಳಗೆ ಹಸಿರಿನ ಒಂದು ಎಳೆ ಉಳಿದಿತ್ತು. ಬಟ್ಟೆಯ ಗೆರೆ ದಾಟಿ ಬೂದುಬಣ್ಣದ ಮೇಲೆ ಹರಿದಿತ್ತು. ಕುಂಚದ ಕೂದಲು ಎಳೆದ ಗುರುತು ಬರಿಗಣ್ಣಿಗೇ ಕಾಣುತ್ತಿತ್ತು.

"ಅದು ಕಪ್ಪು ಬಿಳುಪು ಫೋಟೊ" ಎಂದಳು ತಂಗಿ. "ನೀನು ಮದುವೆಯಾಗಿ ಹೋದ್ಮೇಲೆ ಯಾರೋ ತೆಗೆದದ್ದು. ನಾನು ಶಾಲೆಯಿಂದ ಬಂದು ನೋಡ್ತೀನಿ, ಅಮ್ಮ ನನ್ನ ಬಣ್ಣದ ಡಬ್ಬಿ ಬಿಚ್ಕೊಂಡು ಕಿಟಕಿ ಹತ್ರ ಕೂತಿದ್ದಾಳೆ. ಕುಂಚಕ್ಕೆ ಎಂಜಲು ತಾಗಿಸಿ ತಾಗಿಸಿ, ಕನ್ನಡೀಲಿ ತನ್ನ ಕೆನ್ನೆ ನೋಡ್ಕೊಳ್ತಾ ಫೋಟೊಗೆ ಹಚ್ತಾ ಇದ್ದಾಳೆ. ನನ್ನ ನೋಡಿ ನಾಚ್ಕೊಂಡುಬಿಟ್ಲು."

"ನಂಗ್ಯಾಕೆ ಹೇಳಲಿಲ್ಲ?"

"ಅಮ್ಮ ಹೇಳಬೇಡ ಅಂದಿದ್ಲು. ನಿಮ್ಮಕ್ಕನಿಗೆ ಗೊತ್ತಾದ್ರೆ ಬೆರಳು ಒದ್ದೆ ಮಾಡ್ಕೊಂಡು ಒತ್ತಿ ನೋಡ್ತಾಳೆ ಅಂದ್ಲು."

ಇಬ್ಬರಲ್ಲಿ ಒಬ್ಬರಾದರೂ ನಗಬೇಕಾದ ಮಾತು ಅದು. ಒರೆಗಲ್ಲು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಅಸಲಿದು ನಂಗೆ ಕೊಟ್ಟೆ ಅಂತಾದ್ರೂ ಹೇಳಬಹುದಿತ್ತು."

"ಹೇಳಿದ್ರೆ ನೀನು ತಗೋತಿದ್ಯಾ? ನೋಡ್ಕೊಂಡವಳು ನೀನು, ನೀನೇ ಇಟ್ಕೋ ಅಂತಿದ್ದೆ." ತಂಗಿ ಹತ್ತಿಯನ್ನು ಡಬ್ಬಿಯೊಳಗೆ ಮೆಲ್ಲಗೆ ಇಟ್ಟಳು. "ನಂಗೆ ಅಮ್ಮ ಬೇಕಾದಷ್ಟು ಸಿಕ್ಕಿದ್ಲು ಅಕ್ಕ. ನಿಂಗೆ ಸಿಗಲಿಲ್ಲ. ಅದಕ್ಕೇ ಕೊಟ್ಟೆ. ನಿನ್ನ ಕೈಲಿ ಏನೂ ಕೆಡಲ್ಲ ಅಂತ ಎಲ್ಲಾರೂ ಹೇಳ್ತಾರಲ್ಲ."

ಒರೆಗಲ್ಲು ಆಗ ಅತ್ತಳು. ತಾಯಿ ಹೋದ ದಿನ ಅವಳು ಅತ್ತಿರಲಿಲ್ಲ; ಅವತ್ತು ಯಾರು ಎಷ್ಟು ಅಳುತ್ತಾರೆ ಎಂದು ನೋಡುತ್ತ ನಿಂತಿದ್ದಳು. ತಂಗಿ ಟೀ ಇಟ್ಟಳು. ಅದು ಕುದ್ದು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ಇಬ್ಬರೂ ಏಳಲಿಲ್ಲ. ಆಮೇಲೆ ತಂಗಿ ತನ್ನ ಕೊರಳಿನ ಪದಕ ಬಿಚ್ಚಿ ಚಾಚಿದಳು. ಇದರಲ್ಲಿ ಬಣ್ಣ ಇದೆ, ಇದು ನೀನಿಟ್ಕೋ ಎಂದಳು. ಒರೆಗಲ್ಲು ಅದನ್ನು ತೆಗೆದುಕೊಂಡಳು. ಹೆಬ್ಬೆರಳು ರೂಢಿಯ ಮೇಲೆ ಅದನ್ನು ತಿರುಗಿಸಿ ಹಿಂಬದಿ ನೋಡಲು ಹೊರಟಿತ್ತು. ಅವಳಿಗೆ ತನ್ನ ಬೆರಳಿನ ಮೇಲೇ ಅಸಹ್ಯವಾಯಿತು. ಪದಕವನ್ನು ತಾನೇ ತಂಗಿಯ ಕೊರಳಿಗೆ ಕಟ್ಟಿ, ಎದುರಿಗೆ ಕೂತಳು.

"ಇನ್ನೊಂದ್ಸಲ ಹೇಳು" ಎಂದಳು. "ಕಿಟಕಿ ಹತ್ರ ಕೂತಿದ್ಲು. ಆಮೇಲೆ?"

ತಂಗಿ ಹೇಳಿದಳು. ಮೊದಲು ಯಾವ ಕೆನ್ನೆಗೆ ಹಚ್ಚಿದಳು, ಹಸಿರು ಸಾಲದೆ ಹಳದಿಗೆ ನೀಲಿ ಹೇಗೆ ಕಲಸಿದಳು, ಹಚ್ಚಿದ ಮೇಲೆ ಫೋಟೊವನ್ನು ಎಷ್ಟು ದೂರ ಹಿಡಿದು ನೋಡಿದಳು. ಒರೆಗಲ್ಲು ನಡುವೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಪರೀಕ್ಷೆ ಮಾಡಿ ನೋಡಲು ಬಣ್ಣ ಉಳಿದಿರಲಿಲ್ಲ, ತಂಗಿಯ ಮಾತೊಂದೇ ಉಳಿದಿತ್ತು. ಅದನ್ನು ನಂಬಿದಳು.

ಈಗ ಅವಳ ಕೊರಳಲ್ಲಿರುವ ಪದಕದೊಳಗೆ ಬೂದುಬಣ್ಣದ ಅಮ್ಮ ಇದ್ದಾಳೆ. ಮತ್ತೆ ಬಣ್ಣ ಹಚ್ಚಿಕೊಡುತ್ತೇನೆ ಎಂದು ತಂಗಿ ಹೇಳಿದರೂ ಇವಳು ಬೇಡವೆಂದಳು. ಬಣ್ಣ ಹೀರಿದ ಆ ಹತ್ತಿಯ ಉಂಡೆ ತಗಡಿನ ಡಬ್ಬಿಯಲ್ಲಿ, ಗ್ಲೇಜ್ ಬಾಟಲಿಯ ಪಕ್ಕದಲ್ಲೇ ಇದೆ. ಗಿರಾಕಿಗಳು ಪದಕ ನೋಡಿ, ಹಳೇ ಕಾಲದ ಫೋಟೊನಾ, ಬಣ್ಣ ಇರಲಿಲ್ವಾ ಎಂದು ಕೇಳುತ್ತಾರೆ.

"ಇತ್ತು. ನಾನೇ ಒರೆಸಿದೆ" ಎನ್ನುತ್ತಾಳೆ.

ಒದ್ದೆ ಹತ್ತಿಯ ಪರೀಕ್ಷೆಯನ್ನು ಅವಳು ಬಿಟ್ಟಿಲ್ಲ. ಕೆಲಸ ಅಂದ ಮೇಲೆ ಬಿಡುವ ಹಾಗೂ ಇಲ್ಲ. ಆದರೆ ಹತ್ತಿಯನ್ನು ನೀರಿಗೆ ಅದ್ದುವ ಮೊದಲು ಚಿತ್ರ ತಂದವರ ಮುಖ ನೋಡಿ, ಇದಕ್ಕೆ ಬಣ್ಣ ಹಚ್ಚಿದ್ದು ಯಾರು ಎಂದು ಕೇಳುತ್ತಾಳೆ. ಹೆಚ್ಚಿನವರು ನಗುತ್ತಾರೆ, ಮಷೀನು ಅಕ್ಕ, ಇನ್ಯಾರು ಎನ್ನುತ್ತಾರೆ. ಅವರು ಹೇಳಿ ಮುಗಿಸುವವರೆಗೂ ಅವಳ ಕೈ ಮೇಜಿನ ಮೇಲೆ ಸುಮ್ಮನಿರುತ್ತದೆ.